ನೀರು ಬಾರದ ಅಧ್ಯಾಯ

ಸದಸ್ಯರು ಕಣ್ಣಾರೆ ಕಾಣದ ಸ್ಥಳದ ಬಗ್ಗೆ ಕಾದಂಬರಿ ಬರೆಯತಕ್ಕದ್ದಲ್ಲ ಎಂದು ೧೯೭೨ರಲ್ಲಿ ಮುಂಬಯಿಯ ಉಪನಗರ ಕನ್ನಡ ಲೇಖಕರ ಮಂಡಳಿಯು ಸರ್ವಾನುಮತದಿಂದ ಠರಾವು ಮಾಡಿತು. ಇದರಿಂದ ಇಕ್ಕಟ್ಟಿಗೆ ಸಿಕ್ಕಿಕೊಂಡವನು ಮುಲುಂಡಿನ ರಮಾನಾಥ. ವಿಮೆ ಕಚೇರಿಯ ಗುಮಾಸ್ತನಾದ ಆತ ಕಟ್ಟಡ ಕೂಲಿಗಳ ಬವಣೆಯ ಕುರಿತು ಅರ್ಧ ಕಾದಂಬರಿಯನ್ನು ಲೋಕಲ್ ಟ್ರೇನಿನಲ್ಲಿ ಕೂತೇ ಬರೆದಿದ್ದ.

ಭಾನುವಾರ ದಹಿಸರ್‌ಗೆ ಹೋದ. ಅಲ್ಲಿ ಗುಲ್ಬರ್ಗಾ ಕಡೆಯ ಕೂಲಿಗಳ ಝೋಪಡಿ ಸಾಲು. ಮಲ್ಲಕ್ಕ ಎಂಬಾಕೆ ತಲೆಯ ಮೇಲೊಂದು, ಸೊಂಟದ ಮೇಲೊಂದು ಕೊಡ ಹೊತ್ತು ರೈಲು ಹಳಿ ದಾಟಿ ಬರುತ್ತಿದ್ದಳು. ರಮಾನಾಥನ ಕಣ್ಣು ಒದ್ದೆಯಾಯಿತು. ಐದನೆಯ ಅಧ್ಯಾಯ ಸಿಕ್ಕಿತು.

“ಇಷ್ಟು ದೂರದಿಂದ ನೀರು ತರ್ತೀರಾ ಮಲ್ಲಕ್ಕ?”

“ಇನ್ನ ಮ್ಯಾಲ ಈ ತ್ರಾಸಿಲ್ಲರಿ ಸಾಹೇಬ್ರ. ಬರೋ ವಾರ ಇದೇ ನಳಕ್ಕ ನೀರು ಬಿಡ್ತಾರಂತ,” ಎಂದು ಆಕೆ ಬಾಗಿಲ ಎದುರಿನ ಹೊಸ ನಳ ತೋರಿಸಿದಳು.

ರಮಾನಾಥನಿಗೆ ಗಾಬರಿಯಾಯಿತು. ನೀರು ಬಂದರೆ ಕಾದಂಬರಿ ಸುಳ್ಳಾಗುತ್ತದೆ. ಸುಳ್ಳನ್ನು ಮಂಡಳಿ ಅಚ್ಚು ಹಾಕಿಸುವುದಿಲ್ಲ.

ಮಂಡಳಿಯ ಅಧ್ಯಕ್ಷ ಚೆನ್ನಯನವರದು ಸಾಂತಾಕ್ರೂಜ್‌ನಲ್ಲಿ ಹೋಟೆಲು. ರಮಾನಾಥ ಅಲ್ಲಿಗೆ ಓಡಿದ. “ನೀವು ಗಾಬರಿ ಮಾಡ್ಬೇಡಿ ಮಾರಾಯ್ರೆ,” ಎಂದರು. “ಆ ವಾರ್ಡಿನ ಇಂಜಿನಿಯರು ದಿನಾ ದೋಸೆ ತಿನ್ನುವುದು ನಮ್ಮಲ್ಲೇ. ಬಿಲ್ಲು ಕೊಟ್ಟದ್ದು ಮಾತ್ರ ನಾನು ನೋಡಿಲ್ಲ.”

ಇಂಜಿನಿಯರಿಗೆ ಸಾಹಿತ್ಯದ ಮೇಲೆ ಅಪಾರ ಗೌರವ. ನೀರು ನಿಲ್ಲಿಸಲು ಕೂಡಲೇ ಒಪ್ಪಿದರು. ಕಾದಂಬರಿಯಲ್ಲಿ ಒಬ್ಬ ಪ್ರಾಮಾಣಿಕ ಇಂಜಿನಿಯರ್ ಇರಬೇಕೆಂಬುದು ಅವರ ಒಂದೇ ಷರತ್ತು. ಇದು ವಾಸ್ತವತೆಗೆ ವಿರುದ್ಧವಾದ್ದರಿಂದ ಮಂಡಳಿ ತುರ್ತು ಸಭೆ ಸೇರಿ ತಿದ್ದುಪಡಿ ತಂದಿತು: ‘ಪ್ರತಿ ಕಾದಂಬರಿಯಲ್ಲೂ ಒಬ್ಬ ಅಧಿಕಾರಿಯ ಮಟ್ಟಿಗೆ ವಾಸ್ತವತೆಯಿಂದ ವಿನಾಯಿತಿ ನೀಡಬಹುದು.’

ಮರುದಿನ ನಳಕ್ಕೆ ಬೀಗ ಬಿತ್ತು. ಪಕ್ಕದಲ್ಲಿ ಬೋರ್ಡು: ‘ಸಾಹಿತ್ಯದ ಕೆಲಸ ನಡೆದಿದೆ. ಅಡಚಣೆಗಾಗಿ ವಿಷಾದಿಸುತ್ತೇವೆ.’

ಬೋರ್ಡು ನೋಡಿ ಬಂದ ರಮಾನಾಥನಿಗೆ ಅನ್ನ ಸೇರಲಿಲ್ಲ. ಆ ಸಂಕಟವನ್ನೂ ವ್ಯರ್ಥ ಮಾಡದೆ ಏಳನೆಯ ಅಧ್ಯಾಯಕ್ಕೆ ಬಳಸಿಕೊಂಡ.

ಕಾದಂಬರಿ ಬಂತು. ಓದುವಾಗಲೇ ಬಾಯಾರಿಕೆಯಾಗುತ್ತದೆ ಎಂದು ವಿಮರ್ಶಕರು ಹೊಗಳಿದರು. ಇನ್ನಾದರೂ ಬೀಗ ತೆಗೆಸೋಣ ಎಂದು ರಮಾನಾಥ ಕೇಳಿಕೊಂಡಾಗ ಚೆನ್ನಯನವರು ಅಡ್ಡಡ್ಡ ತಲೆಯಾಡಿಸಿದರು. “ಪುಸ್ತಕ ಓದಿದವರು ಜಾಗ ನೋಡಲಿಕ್ಕೆ ಬರ್ತಾರೆ. ಅಲ್ಲಿ ನೀರು ಸುರೀತಾ ಇದ್ರೆ ನಿಮ್ಮ ಮರ್ಯಾದೆ ಎಂತ ಆಗ್ಬೇಕು?”

ರಮಾನಾಥ ತನ್ನ ಮರ್ಯಾದೆಯನ್ನು ನೆನೆದು ಬೀಗದ ಮಾತು ಕೈಬಿಟ್ಟ.

ಸಾಂತಾಕ್ರೂಜ್‌ನ ಸಮಾರಂಭದಲ್ಲಿ ಅವನಿಗೆ ವಾಸ್ತವತಾ ಪ್ರಶಸ್ತಿ, ಮಲ್ಲಕ್ಕನಿಗೆ ಶಾಲು. ಎಲ್ಲ ಮುಗಿದ ಮೇಲೆ ಆಕೆ ಹತ್ತಿರ ಬಂದಳು.

“ಖರೇ ನೀರಿನ ಮಾತು ಬಿಡ್ರಿ ಸಾಹೇಬ್ರ. ಮುಂದಿನ ಪುಸ್ತಕದಾಗರೆ ನಮ್ಮ ನಳಕ್ಕ ನೀರು ಬಂತು ಅಂತ ಬರೀರಿ.”

“ಬರೆಯಬಹುದಿತ್ತು ಮಲ್ಲಕ್ಕ,” ಎಂದ ರಮಾನಾಥ ನೊಂದ ದನಿಯಲ್ಲಿ. “ಆದರೆ ಯಾರು ನಂಬ್ತಾರೆ?”

ಮಲ್ಲಕ್ಕ ಯೋಚಿಸಿದಳು. “ಅದೂ ಖರೇನ ಅನ್ರಿ,” ಎಂದಳು. ಆಮೇಲೆ ಶಾಲನ್ನು ಸಿಂಬಿ ಸುತ್ತಿ, ಕೊಡ ಕೂರುತ್ತದೋ ಎಂದು ತಲೆಯ ಮೇಲಿಟ್ಟು ನೋಡಿಕೊಂಡು, ದಹಿಸರ್ ಲೋಕಲ್ ಹಿಡಿಯಲು ಹೊರಟಳು.