ಕಚೇರಿಯ ಅಂಗಳಕ್ಕೆ ಹೋಗಿ ಬಿದ್ದ ನಮ್ಮ ಚರಂಡಿ

ನಗರಾಡಳಿತ ಕಚೇರಿಯ ಗೋಡೆ ತುಂಬ ಬೆಳಗುತ್ತಿರುವ ಮಾನ್ಯ ಡ್ಯಾಶ್‌ಬೋರ್ಡ್ ಮಹಾಶಯರೇ,

ಇಡೀ ಊರಿನ ನಕ್ಷೆಯನ್ನು ಟಿ.ವಿ. ಪರದೆಯಂಥ ಎದೆಯ ಮೇಲೆ ಹೊತ್ತು, ದೂರಿನ ಕೆಂಪು ಚುಕ್ಕೆಗಳನ್ನು ಹಸಿರು ಮಾಡುತ್ತ, ಕಣ್ಣು ಮಿಟುಕಿಸದೆ ದುಡಿಯುತ್ತಿರುವ ತಮಗೆ ಈ ಬಡ ಗಡಿಯಾರ ರಿಪೇರಿಯವನ ತಲೆಬಾಗಿದ ವಂದನೆಗಳು. ತಾವು ಕ್ಷೇಮವಾಗಿರುವುದನ್ನು ಕಣ್ಣಾರೆ ಕಂಡಿದ್ದೇನೆ, ತಮ್ಮ ಕೋಣೆಗೆ ಎ.ಸಿ. ಇದೆ. ನಾವೂ ಕ್ಷೇಮವೆಂದು ತಾವು ತೋರಿಸುತ್ತಿದ್ದೀರಿ. ಅದನ್ನು ಸುಳ್ಳೆನ್ನುವ ಉದ್ಧಟತನ ನನಗಿಲ್ಲ, ಸಣ್ಣದೊಂದು ವಿಷಯವಿದೆ ಅಷ್ಟೆ.

ನಾಲ್ಕು ತಿಂಗಳ ಹಿಂದೆ ನಮ್ಮ ಮನೆ ಮುಂದಿನ ಚರಂಡಿಯ ಚಪ್ಪಡಿ ಒಡೆದು ಒಳಗೆ ಬಿತ್ತು. ಉಳಿದವರು ಹಾರಿ ದಾಟುತ್ತಾರೆ. ನನ್ನ ಅಕ್ಕ ಗಾಲಿಕುರ್ಚಿಯಲ್ಲಿ ಓಡಾಡುವವಳು. ಬೀದಿಯ ಕೊನೆಯಲ್ಲಿ ಅವಳ ಹೊಲಿಗೆ ಅಂಗಡಿಯಿದೆ. ಅರ್ಧ ಊರಿನ ಶಾಲಾ ಮಕ್ಕಳ ಸಮವಸ್ತ್ರ ಅವಳ ಕೈಯದು. ಮೊದಲ ದಿನ ನಾನೂ ಪಕ್ಕದ ಮನೆಯ ಬಡಗಿಯೂ ಅವಳನ್ನು ಕುರ್ಚಿಸಮೇತ ಎತ್ತಿ ದಾಟಿಸಿದೆವು. ಸಂಜೆ ಮನೆಗೆ ಬಂದವಳು, "ನಾಳೆಯಿಂದ ಬೇಡ ಕಣೋ, ನನ್ನನ್ನ ಮೂಟೆ ಥರ ಹೊರಬೇಡಿ" ಅಂದಳು. ಅಂದು ಹಾಕಿದ ಅಂಗಡಿಯ ಬೀಗ ಇನ್ನೂ ತೆಗೆದಿಲ್ಲ. ಬಡಗಿ ಒಂದು ಹಲಗೆಯನ್ನು ಅಡ್ಡ ಹಾಕಿಕೊಟ್ಟ. ಅವಳು ಅದರ ಮೇಲೆ ದಾಟುವ ಮುಂಚೆಯೇ, ದೂರೇ ಇಲ್ಲದ ಬೀದಿಯಲ್ಲಿ ಇದೆಂಥ ಅಡಚಣೆ ಎಂದು ತಮ್ಮ ಸಿಬ್ಬಂದಿ ಅದನ್ನು ಎತ್ತಿಕೊಂಡು ಹೋದರು.

ದೂರನ್ನು ನಾನು ಏಳು ಸಲ ಕೊಟ್ಟಿದ್ದೇನೆ, ಸ್ವಾಮಿ. ಎರಡು ಗೋದಾಮುಗಳ ಗೋಡೆ ನಡುವೆ ಸಿಕ್ಕಿಕೊಂಡ ನಮ್ಮ ಬೀದಿಯಲ್ಲಿ ಫೋನಿಗೆ ನೆಟ್‌ವರ್ಕ್ ಸಿಗದು. ಹಾಗಾಗಿ ಗುಮಾಸ್ತರು ಹೇಳಿಕೊಟ್ಟಂತೆ ತಮ್ಮ ಸಮ್ಮುಖಕ್ಕೇ ಬಂದು, ಕಚೇರಿಯ ಉಚಿತ ವೈಫೈ ಹಿಡಿದು, ಆ್ಯಪ್‌ನಲ್ಲಿ ದೂರು ಬರೆಯುವುದು ನಮ್ಮ ಬೀದಿಯವರ ರೂಢಿ. ಆ ಆ್ಯಪ್ ಎಂಥ ಚುರುಕೆಂದರೆ, ಬರೆದ ವಿಳಾಸ ಓದುವ ಗೋಜಿಗೇ ಹೋಗದೆ, ಬರೆದವನು ನಿಂತಲ್ಲೇ ಕೆಂಪು ಚುಕ್ಕೆ ಇಟ್ಟುಬಿಡುತ್ತದೆ. ಈ ಗುಟ್ಟು ನನಗೆ ಗೊತ್ತಾದದ್ದು ಮೊನ್ನೆ, ತಮ್ಮ ಗಾರೆಯವನ ಬಾಯಿಂದ.

ತಮ್ಮ ವೇಗವನ್ನು ಎಷ್ಟು ಹೊಗಳಿದರೂ ಸಾಲದು! ಪ್ರತಿ ದೂರಿಗೂ ಮೂರೇ ದಿನದಲ್ಲಿ ಕೆಲಸದವರು ಚುಕ್ಕೆ ಹುಡುಕಿಕೊಂಡು ಬಂದು, ಕಚೇರಿ ಮುಂದಿನ ಗಟ್ಟಿಮುಟ್ಟಾದ ಚಪ್ಪಡಿಯನ್ನು ಒಡೆದು, ಹೊಸದು ಕೂರಿಸಿ, ಫೋಟೊ ತೆಗೆದು, ಹಸಿರು ಮಾಡಿ ಹೋಗಿದ್ದಾರೆ. ಐದನೆಯ ದೂರಿನಲ್ಲಿ ಗಾಲಿಕುರ್ಚಿ ದಾಟುವುದಿಲ್ಲವೆಂದು ಬಿಡಿಸಿ ಬರೆದೆ; ಕಚೇರಿಯ ಬಾಗಿಲಿಗೆ ಕಂಬಿ ಹಾಕಿದ ಇಳಿಜಾರು ದಾರಿ ಬಂತು. ಅದರ ಮೇಲೆ ಈಗ ಮೇಲ್ವಿಚಾರಕರ ಬೈಕು ನಿಲ್ಲುತ್ತದೆ. ಎರಡೇ ಬೀದಿ ದಾಟಿ ಬಂದು ಕಣ್ಣಲ್ಲಿ ನೋಡಿ ಎಂದು ಎಂಜಿನಿಯರ್ ಸಾಹೇಬರನ್ನು ಬೇಡಿಕೊಂಡೆ. "ನಾನು ನೋಡಿದ್ರೆ ಅದು ಡೇಟಾ ಆಗಲ್ಲ ರೀ" ಎಂದರು. ಚುಕ್ಕೆ ಸರಿಸಬೇಕಾದರೆ ನಮ್ಮ ಬೀದಿಯಲ್ಲೇ ನಿಂತು ಮತ್ತೆ ದೂರು ಕಳಿಸಬೇಕಂತೆ, ನೆಟ್‌ವರ್ಕ್ ಇಲ್ಲದ ಆ ಬೀದಿಯಲ್ಲಿ.

ಈ ನಡುವೆ ವರ್ಷವಿಡೀ ಒಂದೂ ದೂರಿಲ್ಲದ ಬೀದಿ ಎಂದು ನಮಗೊಂದು ಪ್ರಶಸ್ತಿ ಫಲಕ ದಯಪಾಲಿಸಿದಿರಿ. ಚರಂಡಿಗೆ ಅಡ್ಡ ಇಟ್ಟು ನೋಡಿದೆ, ಅರ್ಧ ಅಡಿ ಸಾಲಲಿಲ್ಲ. ಅಕ್ಕ ಮನೆಯ ಪರದೆಗಳನ್ನೆಲ್ಲ ಬಿಚ್ಚಿ ಮೂರನೆಯ ಸಲ ಹೊಲಿಯುತ್ತಿದ್ದಾಳೆ. ಅವಳನ್ನು ನೋಡಿದರೆ ಸಂಕಟವಾಗುತ್ತದೆ, ತಮ್ಮನ್ನು ನೋಡಿದರೆ ಮೈಯೆಲ್ಲ ಉರಿಯುತ್ತದೆ. ಗೌರವಪೂರ್ವಕವಾಗಿಯೇ ಉರಿಯುತ್ತದೆ, ಕ್ಷಮಿಸಬೇಕು.

ಆದ್ದರಿಂದ ನನ್ನ ವಿನಮ್ರ ಬಿನ್ನಹವೇನೆಂದರೆ, ತಾವು ದಯವಿಟ್ಟು ಆ ಗೋಡೆಯಿಂದಿಳಿದು ನಮ್ಮ ಚರಂಡಿಯ ಮೇಲೆ ಅಡ್ಡ ಮಲಗಬೇಕು. ಗುಮಾಸ್ತರು ಊಟಕ್ಕೆ ಹೋದಾಗ ಅಳತೆ ತೆಗೆದುಕೊಂಡಿದ್ದೇನೆ, ಸರಿಯಾಗಿ ಕೂರುತ್ತೀರಿ.

ತಮ್ಮ ನಕ್ಷೆಯಲ್ಲಿ ಯಾವ ಕೊರತೆಯೂ ಇಲ್ಲದ,
ತಮ್ಮ ವಿಶ್ವಾಸಿ,
ಗಡಿಯಾರ ರಿಪೇರಿಯವನು

ಮರೆತ ಮಾತು: ಈ ಪತ್ರವನ್ನು ಅಕ್ಕನಿಗೆ ಓದಿ ಹೇಳಿದೆ. ಅಕ್ಕ ಸೂಜಿ ಕೆಳಗಿಟ್ಟು, "ನಕ್ಷೆ ಪ್ರಕಾರ ನಮ್ಮ ಬೀದಿ ಆ ಕಚೇರಿ ಮುಂದೇನೇ ಇದೆ ತಾನೆ? ಇನ್ನೊಂದೇ ಒಂದು ಸಲ ಹೊತ್ಕೊಂಡು ಹೋಗಿ, ಅಂಗಡಿ ಅಲ್ಲೇ ತೆಗೀತೀನಿ" ಅಂದಳು. ಸೋಮವಾರ ಬೆಳಿಗ್ಗೆ ಹೊಲಿಗೆ ಯಂತ್ರದ ಸಮೇತ ಬರುತ್ತಿದ್ದೇವೆ. ಇಳಿಜಾರಿನ ಮೇಲಿನ ಬೈಕನ್ನು ತೆಗೆಸಿಟ್ಟಿರಿ, ಆ ದಾರಿ ಬಂದದ್ದು ನಮ್ಮ ಅಕ್ಕನಿಗಾಗಿ ಕೊಟ್ಟ ದೂರಿಗೆ.