ಕಾರು ನಿಂತರೆ ಖುಷಿಪಡುವ ಭಾವ

ನನ್ನ ಹೆಂಡತಿಯ ತಮ್ಮನಿಗೆ, ಅಂದರೆ ನನ್ನ ಭಾವನಿಗೆ, ಊರಿನ ಅರ್ಧ ಜನರ ಹೆಸರು ಗೊತ್ತಿಲ್ಲ. ಆದರೆ ಅವರವರ ಕಾರಿನ ಕಾಯಿಲೆ ಗೊತ್ತು. ಮದುವೆ ಮನೆಯಲ್ಲಿ ನಾವೆಲ್ಲ ಮಕ್ಕಳು ಹೇಗಿದ್ದಾರೆ ಎಂದು ವಿಚಾರಿಸಿಕೊಂಡರೆ ಇವನು, “ನಿಮ್ಮ ಹಿಂದಿನ ಆಕ್ಸಿಜನ್ ಸೆನ್ಸರ್ ಈಗ ಹೇಗುಂಟು?” ಎನ್ನುತ್ತಾನೆ. ಒಮ್ಮೆ ಪಕ್ಕದ ಎಲೆಯಲ್ಲಿ ಕುಳಿತಿದ್ದ ಅಜ್ಜಿ ಇದನ್ನು ಕೇಳಿ, ಪಾಪ ಆಕ್ಸಿಜನ್ ಬೇಕಾದ ಈ ಮನುಷ್ಯ ಹೆಚ್ಚು ಕಾಲ ಇರಲಿಕ್ಕಿಲ್ಲ ಎಂದುಕೊಂಡು ತನ್ನ ಪಾಲಿನ ಪಾಯಸವನ್ನೂ ಅವನಿಗೇ ಬಡಿಸಲು ಹೇಳಿದಳು!

ಭಾವ ಗಲ್ಫಿನಲ್ಲಿ ಬಹಳ ವರ್ಷ ಕಾರುಗಳ ವಯರಿಂಗ್ ಕೆಲಸ ಮಾಡಿದವನು. ಈಗ ಶಿರಿಯ ಹೊಳೆಯ ಹತ್ತಿರ ಒಂದು ಶೆಡ್ಡು ಹಾಕಿಕೊಂಡಿದ್ದಾನೆ. ನಾನು ಅವನ ಕೈಗೆ ಸಿಕ್ಕಿದ್ದು ನನ್ನ ಹೆಂಡತಿಯ ಕಾರಿನಿಂದ. ಅವಳು ಟೀಚರಾಗಿದ್ದವಳು. ಕ್ಲಚ್ಚಿಲ್ಲದ, ತಾನೇ ಗೇರು ಬದಲಿಸಿಕೊಳ್ಳುವ ಆ ಪುಟ್ಟ ಕಾರಿನಲ್ಲಿ ಶಾಲೆಗೆ ಹೋಗಿ ಬರುತ್ತಿದ್ದಳು. ಕಳೆದ ವರ್ಷ ಅವಳು ತೀರಿಕೊಂಡಳು. ಅದಾಗಿ ಕೆಲವು ತಿಂಗಳಿಗೆ ಕಾರು ರಸ್ತೆಯ ನಡುವೆ ಸುಮ್ಮನೆ ಆರಿಹೋಗಲು ಶುರು ಮಾಡಿತು. ಎಂಜಿನಿನ ಚಿತ್ರವಿರುವ ಹಳದಿ ದೀಪ ಉರಿಯುತ್ತದೆ, ಕಾರು ನಿಲ್ಲುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಏನೂ ಆಗದವರ ಹಾಗೆ ಹೊರಡುತ್ತದೆ.

ಮಂಗಳೂರಿನ ಒಂದು ಗ್ಯಾರೇಜಿನವರು ಪೆಟ್ಟಿಗೆಯನ್ನೇ ಬದಲಿಸಬೇಕು ಎಂದರು. ಎಂಜಿನಿಗೆ ಎಷ್ಟು ಪೆಟ್ರೋಲು, ಗೇರು ಯಾವಾಗ ಎಂದೆಲ್ಲ ತೀರ್ಮಾನಿಸುವ, ಅಂಗೈಯಷ್ಟು ದೊಡ್ಡ ಇಸಿಯು ಎಂಬ ಪೆಟ್ಟಿಗೆ ಅದು. ಅದರ ಬೆಲೆ ಕೇಳಿ ನಾನು ಕಾರನ್ನೇ ಮಾರುವುದೆಂದು ನಿಶ್ಚಯಿಸಿದೆ. ಉಪ್ಪಳದ ಒಬ್ಬರು ಇದ್ದ ಹಾಗೆಯೇ ಕೊಳ್ಳಲು ತಯಾರಾದರು. ಸುದ್ದಿ ತಿಳಿದು ಭಾವ ಓಡಿಬಂದ. ನಾನು ಅವನಿಗೂ ಭಾವನೇ.

“ಅಕ್ಕನ ಕಾರು ಮಾರುದಾ? ಎಂತ ಭಾವ, ಆಟಿಯಲ್ಲಿ ಯಾರಾದರೂ ವ್ಯಾಪಾರ ಮಾಡ್ತಾರಾ?”

ಸರಿಯೇ. ಮಳೆಗಾಲದ ಆಟಿ ತಿಂಗಳು ನಮ್ಮಲ್ಲಿ ಯಾವ ಶುಭಕಾರ್ಯಕ್ಕೂ ಆಗದು. ಉಪ್ಪಳದವರೂ ಮುಂದಿನ ಸೋಣ ತಿಂಗಳು ಹುಟ್ಟಲಿ ಎಂದರು. ಗಲ್ಫಿನಲ್ಲಿ ಇರುವಾಗ ಅಮಾವಾಸ್ಯೆ ಯಾವತ್ತೆಂದೇ ತಿಳಿಯದಿದ್ದ ಭಾವನಿಗೆ ಈಗ ಪಂಚಾಂಗದ ಮೇಲೆ ಇಷ್ಟು ಭಕ್ತಿ! ಆಟಿ ಮುಗಿಯುವುದರೊಳಗೆ ಸರಿಮಾಡುತ್ತೇನೆ, ಆಗದಿದ್ದರೆ ಮಾರಿ ಎಂದ. ಷರತ್ತು ಒಂದೇ, ಪೆಟ್ಟಿಗೆಯನ್ನು ಯಾರೂ ಬಿಚ್ಚಬಾರದು.

ಮೊದಲು ನನ್ನ ವಿಚಾರಣೆ ನಡೆಯಿತು. ನಿಲ್ಲುವುದು ಏರಿನಲ್ಲೋ ಇಳಿಜಾರಿನಲ್ಲೋ? ಮಳೆಯಲ್ಲೋ ಬಿಸಿಲಿನಲ್ಲೋ? ವೈಪರ್ ತಿರುಗುತ್ತಿತ್ತೋ? ಕೊನೆಗೆ, “ಬೋನೆಟ್ಟಿನ ಒಳಗೆ ಯಾರಾದರೂ ಕೈ ಹಾಕಿದ್ದುಂಟಾ?” ಎಂದು ಕೇಳಿದ. ನಾನು ಸ್ವಲ್ಪ ಯೋಚಿಸಿ ಇಲ್ಲ ಎಂದೆ. ಈ ಉತ್ತರದ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮರುದಿನದಿಂದ ನಮ್ಮ ಸವಾರಿ. ನಾನು ಓಡಿಸುವುದು, ಅವನು ಕಾರಿನ ದೋಷ ಓದುವ ಸ್ಕ್ಯಾನರ್ ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂರುವುದು. ಕಾರು ನಿಂತಾಗಲೇ ದೋಷ ಸಿಗುವುದಂತೆ, ಹಾಗಾಗಿ ಚೆನ್ನಾಗಿ ಓಡಿದಷ್ಟೂ ಅವನ ಮುಖ ಬಾಡುತ್ತಿತ್ತು. ಒಂದು ದಿನ ರೈಲ್ವೆ ಗೇಟಿನ ಬಳಿ, ಗೇಟು ತೆರೆದ ಕ್ಷಣದಲ್ಲೇ ಕಾರು ಆರಿತು. ಭಾವನಿಗೆ ಹಬ್ಬ.

“ನಿಂತಿತಾ? ಒಳ್ಳೆದಾಯ್ತು. ನೀವು ಅಲುಗಾಡಬೇಡಿ ಭಾವ.”

ಹಿಂದೆ ಹಾರನ್ನುಗಳ ಸಾಲು. ಸ್ಕೂಟರಿನಲ್ಲಿ ಮೀನು ಮಾರುವವನು ಕಿಟಕಿಗೆ ಬಂದು, “ಎಂತ ಅಜ್ಜ, ಇಲ್ಲೇ ಮನೆ ಕಟ್ಟುದಾ? ನನ್ನ ಮೀನು ಹಾಳಾಗ್ತದೆ” ಎಂದ.

“ಬರ್ಫ ಉಂಟಲ್ಲ, ಹಾಳಾಗುದಿಲ್ಲ. ನನಗೆ ಒಂದು ಮುಷ್ಟಿ ಕೊಡು” ಎಂದ ಭಾವ.

ಬೂತಾಯಿ ಮೀನಿನ ಪೆಟ್ಟಿಗೆಯಿಂದ ಬರ್ಫದ ಗಡ್ಡೆ ತೆಗೆದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಸಿಯುವಿನ ಮೇಲಿಟ್ಟ. ಬಿಸಿಯಿಂದ ಕೆಟ್ಟದ್ದಾದರೆ ತಣ್ಣಗಾದಾಗ ಹೊರಡಬೇಕಂತೆ. ಹೊರಡಲಿಲ್ಲ. ಎಲ್ಲರೂ ಸೇರಿ ನಮ್ಮನ್ನು ಬದಿಗೆ ತಳ್ಳಿದರು. ಗುಂಡಿಯಲ್ಲಿ ಕಾರು ಒಮ್ಮೆ ಕುಲುಕಿತು, ಕೀ ತಿರುಗಿಸಿದ್ದೇ ತಡ, ಹೊರಟಿತು. ಆಮೇಲೆ ಒಂದು ವಾರ ಮೀನಿನ ವಾಸನೆಗೆ ಆ ಕಾರನ್ನು ನಮಗಿಂತ ಹೆಚ್ಚು ಬೆಕ್ಕುಗಳು ಕಾಯುತ್ತಿದ್ದವು.

ಬರ್ಫದ ಸರದಿ ಮುಗಿದು ಬಿಸಿಯ ಸರದಿ ಬಂತು. ಶೆಡ್ಡಿನಲ್ಲಿ ಭಾವ ಪೆಟ್ಟಿಗೆಯ ಮೇಲೆ ಹೇರ್ ಡ್ರೈಯರ್ ಹಿಡಿದು ನಿಂತಿದ್ದಾಗ ಅವನ ಹೆಂಡತಿ ಕೊಡೆ ಹಿಡಿದು ಬಂದಳು.

“ನನ್ನ ತಲೆ ಒಣಗಿಸುವ ಮೆಷಿನ್ ಎಲ್ಲಿ?”

“ಕಾರಿಗೆ ಜ್ವರ ಬರಿಸ್ತಾ ಇದ್ದೇನೆ.”

“ನನಗೆ ಇಲ್ಲಿ ಶೀತ ಆಗಿ ನಿಜವಾದ ಜ್ವರವೇ ಬಂದರೆ ನೋಡ್ಲಿಕ್ಕೆ ಯಾರುಂಟು?”

“ನಿನ್ನದು ಬಂದರೆ ಹೋಗ್ತದೆ ಮಾರಾಯ್ತಿ. ಇದರದ್ದು ಬರುದೂ ಇಲ್ಲ, ಹೋಗುದೂ ಇಲ್ಲ.”

ಆಟಿಯ ಕೊನೆಯ ದಿನ ಬಂತು. ಭಾವ ಬೆಳಗ್ಗಿನಿಂದ ಬೋನೆಟ್ಟಿನೊಳಗೆ ತಲೆ ಹಾಕಿ ನಿಂತಿದ್ದವನು ಇದ್ದಕ್ಕಿದ್ದಂತೆ ಮೂಗು ಅರಳಿಸಿದ. ಬ್ಯಾಟರಿಯ ಕೆಳಗಿನ ಒಂದು ಬೋಲ್ಟಿನ ಸಂದಿಗೆ ಬೆರಳು ತೂರಿಸಿ, ಹೊರಗೆ ತೆಗೆದು ಮೂಸಿದ. ಬೆರಳಿಗೆ ಹಸಿರು ಅಂಟು ಹತ್ತಿತ್ತು. ಪೆಟ್ಟಿಗೆಯ ಕಪ್ಪು ವಯರುಗಳೆಲ್ಲ ಕಾರಿನ ಮೈಗೆ ಸೇರುವ ಬೋಲ್ಟು ಅದು. ಅಲ್ಲಿ ಹಿಡಿತ ತಪ್ಪಿದರೆ ಪೆಟ್ಟಿಗೆಗೆ ಕರೆಂಟು ತಪ್ಪುತ್ತದೆ.

“ಭಾವ, ಇದು ಯಾವ ಮಿಲ್ಲಿನ ಎಣ್ಣೆ?”

ಈಗ ತಪ್ಪೊಪ್ಪಿಗೆ. ಅವಳು ಹೋದ ಮೇಲೆ ಕಾರಿನ ಆರೈಕೆ ನನ್ನ ಪಾಲಿಗೆ ಬಂತು. ನನಗೆ ತಿಳಿದ ಆರೈಕೆಯೆಂದರೆ ತೆಂಗಿನೆಣ್ಣೆ. ಚಿಲಕಕ್ಕೆ, ಹೊಲಿಗೆ ಮೆಷಿನಿಗೆ, ಮೊಣಕಾಲಿಗೆ ನಮ್ಮಲ್ಲಿ ಬೇರೆ ಏನು ಹಚ್ಚುತ್ತಾರೆ? ಸಮುದ್ರದ ಗಾಳಿಗೆ ತುಕ್ಕು ಹಿಡಿಯಬಾರದೆಂದು ಆ ಬೋಲ್ಟನ್ನು ಸಡಿಲಿಸಿ, ಒಳಗೆಲ್ಲ ಎಣ್ಣೆ ಬಿಟ್ಟು, ಪುನಃ ಕೈಗೆ ಬಂದಷ್ಟು ಬಿಗಿ ಮಾಡಿದ್ದೆ. ಭಾವ ಕೇಳಿದ ದಿನ, ಎಣ್ಣೆ ಹಚ್ಚುವುದು ಕೈ ಹಾಕಿದ ಲೆಕ್ಕವಲ್ಲ ಎಂದು ಮನಸ್ಸಿನಲ್ಲೇ ವಾದಿಸಿ ನನ್ನನ್ನು ನಾನೇ ಬಿಡುಗಡೆ ಮಾಡಿಕೊಂಡಿದ್ದೆ. ಅವನು ಒಂದು ತಿಂಗಳು ಮಳೆಯಲ್ಲಿ ನೆನೆದು ಹುಡುಕಿದ್ದು ನನ್ನನ್ನೇ.

ಬೈಯುತ್ತಾನೆ ಎಂದುಕೊಂಡೆ. ಅವನು ಒಂದು ದಪ್ಪ ವಯರು ತಂದು ಅದರ ಎರಡು ಕ್ಲಿಪ್ಪುಗಳನ್ನು ನನ್ನ ಎರಡು ಕೈಗೆ ಕೊಟ್ಟ. ಒಂದನ್ನು ಕಪ್ಪು ವಯರಿಗೆ, ಇನ್ನೊಂದನ್ನು ಕಾರಿನ ಮೈಗೆ ಒತ್ತಿ ಹಿಡಿಯಬೇಕು. ಬೋಲ್ಟು ಬಿಚ್ಚಿ ತಿಕ್ಕುವಾಗಲೂ ಪೆಟ್ಟಿಗೆಗೆ ಕರೆಂಟು ತಪ್ಪಬಾರದಂತೆ.

“ಬ್ಯಾಟರಿ ಬಿಚ್ಚಿಟ್ಟು ತಿಕ್ಕಿದರೆ ಆಗುದಿಲ್ವಾ?” ಎಂದೆ.

“ಬೇರೆಯವರಾದರೆ ಮೊದಲ ದಿನವೇ ಹಾಗೆ ಮಾಡ್ತಿದ್ರು. ಕರೆಂಟು ತಪ್ಪಿ ಕಾರು ಆರಿದರೂ ಇದರೊಳಗೆ ಒಂದಿಷ್ಟು ಉಳೀತದೆ. ಪೂರಾ ಬಿಚ್ಚಿದರೆ ಕಲಿತದ್ದು ಅಷ್ಟೂ ಮರೀತದೆ ಭಾವ.” ಅವನು ತಲೆ ಎತ್ತಲಿಲ್ಲ. “ಗೇರು ಬೀಳುವ ಮೊದಲು ಅಕ್ಕ ಕಾಲು ಸ್ವಲ್ಪ ಸಡಿಲ ಬಿಡ್ತಿದ್ದಳು. ಪೆಟ್ಟಿಗೆ ಅದನ್ನು ಕಲಿತುಕೊಂಡಿದೆ. ನೀವು ಓಡಿಸುವಾಗ ಗೇರು ಬೀಳ್ಲಿಕ್ಕೆ ಒಂದು ಚೂರು ತಡ ಆಗ್ತದಲ್ಲ, ಅದು ಅವಳ ಕಾಲಿಗೆ ಕಾಯುದು. ನೀವು ಓಡಿಸಿ ಓಡಿಸಿ ಸುಮಾರು ಅಳಿಸಿದ್ದೀರಿ. ಉಳಿದದ್ದು ಇರಲಿ ಅಂತ.”

ಇದರಲ್ಲಿ ವಿಜ್ಞಾನ ಎಷ್ಟು, ತಮ್ಮನ ಆಸೆ ಎಷ್ಟು ಎಂದು ಹತ್ತನೇ ತರಗತಿ ಕಲಿತ ನಾನು ಹೇಳಲಾರೆ. ಗೇರು ತಡವಾಗುವುದು ಮಾತ್ರ ನಿಜ. ಹಳೆಯ ಕಾರು, ಸೋಮಾರಿ ಎಂದು ನಾನು ಅದನ್ನು ಬೈಯುತ್ತಿದ್ದೆ.

ಅವನು ಉಪ್ಪುಕಾಗದದಿಂದ ತಿಕ್ಕತೊಡಗಿದ. ನನ್ನ ಅಂಗಿಯ ಕಿಸೆಯಲ್ಲಿ ಫೋನು ಬಡಿದುಕೊಂಡಿತು. ಭಾವ ಬಗ್ಗಿ ನೋಡಿದ.

“ಉಪ್ಪಳದವರು. ನಾಳೆ ಸೋಣ ಅಲ್ವಾ? ಕೊಡಿ, ನಾನು ಹಿಡಿತೇನೆ. ನೀವು ಮಾತಾಡಿ.”

ಫೋನು ಬಡಿದು ಬಡಿದು ಸುಮ್ಮನಾಯಿತು.

“ಕೈ ನೋಯ್ತದಾ ಭಾವ? ಬೇಗ ಮುಗಿಸ್ತೇನೆ.”

“ನಿಧಾನ ತಿಕ್ಕು ಮಾರಾಯ” ಎಂದೆ. “ನಾನು ಬಿಡುದಿಲ್ಲ.”