ಅಕ್ಕನ ಕೇಸು ನಡೆಯುತ್ತಿತ್ತು

ಕನ್ನಡದಲ್ಲಿ ‘ನಡೆ’ ಎನ್ನುವ ಧಾತುವಿನಷ್ಟು ಸುಳ್ಳು ಹೇಳುವ ಧಾತು ಇನ್ನೊಂದಿಲ್ಲ. ನಂಜನಗೂಡಿನ ಹೈಸ್ಕೂಲೊಂದರಲ್ಲಿ ತಲೆಯ ಕೂದಲು ಉದುರುವವರೆಗೂ ಕನ್ನಡ ಪಾಠ ಮಾಡಿ ನಿವೃತ್ತನಾದವನು ನಾನು. ಹೀಗೆ ಹೇಳುವ ಅಧಿಕಾರ ನನಗಿದೆ ಎಂದು ನಾನೇ ತೀರ್ಮಾನಿಸಿಕೊಂಡಿದ್ದೇನೆ. ಬೆಳಗಿನಿಂದ ನೊಣ ಹೊಡೆಯುತ್ತಾ ಕೂತಿರುವ ಅಂಗಡಿಯವನನ್ನು ವ್ಯಾಪಾರ ಹೇಗಿದೆಯಪ್ಪಾ ಎಂದು ಕೇಳಿ, “ಏನೋ ನಡೀತಾ ಅದೆ ಸಾ” ಎನ್ನುತ್ತಾನೆ. ಹೆಂಡತಿಯ ಜೊತೆ ಮಾತು ಬಿಟ್ಟು ತಿಂಗಳಾದವನ ಸಂಸಾರವೂ ನಡೀತಾ ಇರುತ್ತದೆ. ಮಂಡಿನೋವಿನಿಂದ ಬಚ್ಚಲಿಗೆ ಹೋಗಲೂ ಗೋಡೆ ಹಿಡಿಯುವ ನಾನು ಕೂಡ, ಯಾರಾದರೂ ಯೋಗಕ್ಷೇಮ ಕೇಳಿದರೆ ಅದೇ ಉತ್ತರ ಕೊಡುತ್ತೇನೆ. ಇದೆಲ್ಲ ಯಾರಿಗೂ ನೋವು ಮಾಡದ ಸುಳ್ಳು. ಆದರೆ ಇದೇ ಮಾತು ವಕೀಲನ ಬಾಯಿಗೆ ಬಿದ್ದರೆ ಏನಾಗುತ್ತದೆ ಎಂಬುದು ನನಗೆ ತಿಳಿದದ್ದು ನನ್ನ ಅಕ್ಕನ ಕೇಸಿನಿಂದ.

ಅಕ್ಕ ಮಂಗಳಮ್ಮ ತಿ. ನರಸೀಪುರದ ಹತ್ತಿರದ ಹಳ್ಳಿಯೊಂದಕ್ಕೆ ಸೊಸೆಯಾಗಿ ಹೋದವಳು. ಅವಳ ಮನೆ ಬೀದಿಯಿಂದ ಸ್ವಲ್ಪ ಒಳಕ್ಕಿದೆ. ಬೀದಿಗೆ ಬರಬೇಕಾದರೆ ಪಕ್ಕದ ಮನೆಯ ಮಲ್ಲೇಶನ ಗೋಡೆಯ ಮಗ್ಗುಲಲ್ಲಿ ಒಂದು ಓಣಿ, ಭಾವನ ಅಜ್ಜನ ಕಾಲದಿಂದ ಎತ್ತಿನ ಗಾಡಿ ಓಡಾಡಿದ ಓಣಿ. ಮಲ್ಲೇಶ ಹೊಸ ಮನೆ ಕಟ್ಟಿಸುವಾಗ ಯಾರೋ ವಾಸ್ತು ಹೇಳುವವರು ಬಂದು, ನಿನಗೆ ಈಶಾನ್ಯ ಸಾಲದು, ಬೆಳೆಸು ಎಂದರಂತೆ. ಈಶಾನ್ಯ ಬೆಳೆಯಿತು. ಓಣಿ ಹೋಗಿ, ಅಡ್ಡಡ್ಡ ತಿರುಗಿ ಹೊಟ್ಟೆ ಒಳಗೆಳೆದುಕೊಂಡರೆ ಒಬ್ಬರು ಹಾಯುವಷ್ಟು ಸಂದು ಉಳಿಯಿತು. ನಾನು ಅಕ್ಕನ ಮನೆಗೆ ಹೋಗುವುದು ಕಡಿಮೆಯಾದದ್ದಕ್ಕೆ ಮಂಡಿ ಕಾರಣವಲ್ಲ, ಹೊಟ್ಟೆ ಕಾರಣ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅದಿರಲಿ.

ದಾವೆ ಹಾಕೋಣ ಎಂದವನು ನಾನು, ವಕೀಲನನ್ನು ಗೊತ್ತು ಮಾಡಿದವನೂ ನಾನೇ. ಲಾಯರ್ ನಾಗೇಂದ್ರ ನಂಜನಗೂಡಿನವನು, ನನ್ನ ಶಿಷ್ಯ. ಶಾಲೆಯಲ್ಲಿ ನಾನು ಹಾಜರಿ ಕೂಗುವಾಗ ಬಾರದ ಹುಡುಗರ ಪರವಾಗಿಯೂ ದನಿ ಬದಲಿಸಿ “ಆಜರ್ ಸಾ” ಎನ್ನುತ್ತಿದ್ದ. ಇನ್ನೊಬ್ಬರ ಪರವಾಗಿ ಹಾಜರಾಗುವ ಗುಣ ಇವನಿಗೆ ಹುಟ್ಟಿನಿಂದಲೇ ಬಂದಿದೆ, ಇವನು ವಕೀಲನಾಗುತ್ತಾನೆ ಎಂದು ನಾನು ಸ್ಟಾಫ್ ರೂಮಿನಲ್ಲಿ ಭವಿಷ್ಯ ನುಡಿದಿದ್ದೆ. ಆದ. ಆದರೆ ಕರಿಕೋಟು ಹಾಕಿಕೊಂಡ ಮೇಲೆ ಆ ಗುಣ ಅವನನ್ನು ಬಿಟ್ಟುಹೋಯಿತು ಎಂಬುದು ನನಗೆ ಗೊತ್ತಾಗಲಿಲ್ಲ. ಅಕ್ಕ ಫೋನು ಮಾಡಿದಾಗಲೆಲ್ಲ “ಕೇಸು ನಡೀತಾ ಅದೆ ಕಣಮ್ಮ, ನೀವ್ಯಾಕೆ ಕೋರ್ಟ್‌ಗಂಟ ಬಂದು ಸುಸ್ತಾಗ್ತೀರಿ, ನಾನಿಲ್ವಾ” ಎನ್ನುತ್ತಿದ್ದ. ಅಕ್ಕ ಅದನ್ನು ನನಗೆ ಹೇಳಿ, “ಎಷ್ಟು ಮರ್ವಾದಸ್ತ ನೋಡಪ್ಪ ನಿನ್ ಸಿಸ್ಯ” ಎನ್ನುತ್ತಿದ್ದಳು. ನಾನು ಹಿಗ್ಗುತ್ತಿದ್ದೆ. ದಾರಿಯಲ್ಲಿ ಮನುಷ್ಯರು ನಡೆಯುವಂತಿರಲಿಲ್ಲ, ಕೇಸು ಮಾತ್ರ ನಡೆಯುತ್ತಿತ್ತು.

ಹಾಗಿರುವಾಗ ಭಾವ ತೀರಿಕೊಂಡರು. ನಮ್ಮಲ್ಲಿ ಹೆಣವನ್ನು ಮಲಗಿಸಿ ಒಯ್ಯುವುದಿಲ್ಲ. ಕೂರಿಸಿ, ವಿಭೂತಿ ಹಚ್ಚಿ, ಹೂವಿನ ವಿಮಾನ ಕಟ್ಟಿ, ಊರವರಿಗೆಲ್ಲ ಮುಖ ಕಾಣುವಂತೆ ಮೆರವಣಿಗೆಯಲ್ಲಿ ಒಯ್ಯುತ್ತೇವೆ. ವಿಮಾನ ಸಂದಿನಲ್ಲಿ ಹಿಡಿಸಲಿಲ್ಲ. ಕೊನೆಗೆ ಖಾಲಿ ವಿಮಾನವನ್ನು ಬೀದಿಯಲ್ಲಿ ನಿಲ್ಲಿಸಿ, ಇಬ್ಬರು ಭಾವನ ಕಂಕುಳಿಗೆ ಕೈ ಕೊಟ್ಟು ಅಡ್ಡಡ್ಡವಾಗಿ ಈಚೆಗೆ ತಂದರು, ಕುಡಿದು ಬಿದ್ದವನನ್ನು ಕರೆತರುವ ಹಾಗೆ. ಜೀವಮಾನದಲ್ಲಿ ಒಂದು ತೊಟ್ಟು ಮುಟ್ಟದ ಮನುಷ್ಯ. ಅವರ ಹಣೆಯ ವಿಭೂತಿ ಮಲ್ಲೇಶನ ಹೊಸ ಗೋಡೆಗೆ ಉದ್ದಕ್ಕೂ ಒರೆಸಿಕೊಂಡಿತು. ಅಕ್ಕ ಅದನ್ನು ನೋಡಿದಳು. ಅಳು ನಿಲ್ಲಿಸಿ ಮಲ್ಲೇಶನ ಕಡೆಗೆ ತಿರುಗಿ, “ಕೇಸು ನಡೀತಾ ಅದೆ ಕಣೋ ಮಲ್ಲೇಸ, ತೀರ್ಪು ಬರ್ಲಿ” ಎಂದಳು. ಅವನು ತಲೆ ತಗ್ಗಿಸಿದ. ನಾಚಿಕೆ ಎಂದುಕೊಂಡೆ. ನಿಜಸಂಗತಿ ಆಮೇಲೆ ತಿಳಿಯಿತು. ಕೇಸು ಮುಗಿದು ಎಷ್ಟೋ ಕಾಲವಾಗಿದೆ ಎಂದು ಅವನಿಗೆ ಗೊತ್ತಿತ್ತು, ಸತ್ತ ಮನೆಯ ಮುಂದೆ ಹೇಳಲು ಬಾಯಿ ಬರಲಿಲ್ಲ, ಅಷ್ಟೆ. ಆ ಮಟ್ಟಿಗೆ ಅವನು ನಮ್ಮ ವಕೀಲನಿಗಿಂತ ಮೇಲು.

ಭಾವನ ತಿಥಿ ಎಲ್ಲ ಮುಗಿದ ಮೇಲೆ ಅಕ್ಕ ಯಾರಿಗೂ ಹೇಳದೆ ತಾನೇ ನರಸೀಪುರದ ಕೋರ್ಟಿಗೆ ಹೋದಳು. ಅಲ್ಲಿ ಯಾರೋ ಗುಮಾಸ್ತರು ನೋಡಿ, “ನಿಮ್ದು ವಜಾ ಆಗೋಗದೆ ಕಣಮ್ಮ” ಎಂದರು. ನಮ್ಮ ಕಡೆಯ ಹೆಂಗಸರಿಗೆ ವಜಾ ಎಂದರೆ ಶುಭ. ಕಂದಾಯ ವಜಾ, ಸೊಸೈಟಿಯ ಬಡ್ಡಿ ವಜಾ, ಎಲ್ಲವೂ ಮೇಲಿನವರು ಕೃಪೆ ಮಾಡಿ ಭಾರ ಇಳಿಸುವ ಸಮಾಚಾರ. ಗೋಡೆ ವಜಾ ಆಯಿತು ಎಂದೇ ಅಕ್ಕ ತಿಳಿದಳು. ನನಗೆ ಫೋನು ಮಾಡಿ, “ವಜಾ ಆಯ್ತಂತೆ ಕಣಪ್ಪ. ನಾಳೀಕೆ ಊಟಕ್ ಬಾ” ಎಂದಳು. ಬಸ್ಸಿನಲ್ಲಿ ಹೋಗುವಾಗಲೇ ನನಗೆ ಅನುಮಾನ ಬಂದಿತ್ತು, ನರಸೀಪುರದಲ್ಲಿ ಇಳಿದು ಕೋರ್ಟಿನಲ್ಲಿ ಕೇಳಿಕೊಂಡೂ ಬಂದಿದ್ದೆ. ಆದರೆ ಸಂದಿನಲ್ಲಿ ಅಡ್ಡಡ್ಡ ತೂರಿಕೊಂಡು ಒಳಗೆ ಹೋದರೆ ಎಲೆಯ ಮೇಲೆ ಕಾಯಿ ಒಬ್ಬಟ್ಟು. ಮಗನ ವಯಸ್ಸಿನವರಿಗೆಲ್ಲ ಪದಗಳ ಅರ್ಥ ಹೇಳಿದ ಈ ಮೇಷ್ಟ್ರು, ಎರಡನೆಯ ಒಬ್ಬಟ್ಟು ಮುಗಿಯುವವರೆಗೂ ಒಂದು ಪದದ ಅರ್ಥ ಹೇಳಲಿಲ್ಲ. ಕೈ ತೊಳೆದ ಮೇಲೆ ಹೇಳಿದೆ. ಹೆಸರು ಕೂಗಿದಾಗ ನಮ್ಮ ಪರವಾಗಿ ಯಾರೂ ಇರಲಿಲ್ಲವಾದ್ದರಿಂದ ದಾವೆಯನ್ನೇ ತೆಗೆದುಹಾಕಿದ್ದಾರೆ ಎಂದೆ. ಅಕ್ಕ ಮಿಕ್ಕ ಒಬ್ಬಟ್ಟುಗಳ ಮೇಲೆ ತಟ್ಟೆ ಮುಚ್ಚಿದಳು.

ನನಗೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ಬೆಂಗಳೂರಿನಲ್ಲಿ ವಕೀಲರ ತಪ್ಪುಗಳನ್ನು ವಕೀಲರೇ ಕೂತು ವಿಚಾರಿಸುವ ಶಿಸ್ತು ಸಮಿತಿ ಒಂದಿದೆ ಎಂದು ತಿಳಿಯಿತು. ಶಿಸ್ತು ಎಂಬ ಪದ ಕಿವಿಗೆ ಬಿದ್ದರೆ ಮೇಷ್ಟ್ರುಗಳು ಸುಮ್ಮನಿರುವವರಲ್ಲ. ದೂರು ಬರೆದುಕೊಡಿ ಎಂದು ಪರಿಚಯದ ವಕೀಲರನ್ನು ಕೇಳಿದೆ. ಒಬ್ಬರು, “ಬೇರೆ ಏನಾದ್ರೂ ಕೇಳಿ ಮೇಷ್ಟ್ರೇ. ನಾಳೆ ಬೆಳಿಗ್ಗೆ ಅವನ ಎದುರಿಗೇ ಕೂತು ಕಾಫಿ ಕುಡೀಬೇಕು” ಎಂದರು. ಹಾಗಾದರೆ ನಾನೇ ಬರೆಯುತ್ತೇನೆ ಎಂದು ಬರೆದೆ. ಒಂದು ಒತ್ತಕ್ಷರ ತಪ್ಪಿರಲಿಲ್ಲ. ಆಮೇಲೆ ಅಕ್ಕನೂ ನಾನೂ ಬೆಂಗಳೂರಿಗೆ ಅಲೆದೆವು. ಅಲ್ಲಿಯೂ ವಾಯಿದೆ. ಕೋರ್ಟಿಗೆ ಬಾರದ ವಕೀಲನ ಮೇಲಿನ ವಿಚಾರಣೆ, ಆ ವಕೀಲನ ವಕೀಲರು ಬಾರದ್ದರಿಂದ ಮುಂದಕ್ಕೆ ಹೋಗುತ್ತಿತ್ತು. ಅಕ್ಕ ಬಸ್ಸಿನ ಕಿಟಕಿಗೆ ತಲೆ ಒರಗಿಸಿ ನಿದ್ದೆ ಮಾಡುವಳು. ನಾನು ನಾಗೇಂದ್ರನಿಗೆ ಆಗಬೇಕಾದ ಶಿಕ್ಷೆಯನ್ನು ಕಲ್ಪಿಸಿಕೊಳ್ಳುತ್ತಾ ಎಚ್ಚರವಾಗಿರುತ್ತಿದ್ದೆ. ಅವನನ್ನು ಬೆಂಚಿನ ಮೇಲೆ ನಿಲ್ಲಿಸುವಲ್ಲಿಂದ ಹಿಡಿದು ಗಲ್ಲಿಗೇರಿಸುವವರೆಗೆ ಎಲ್ಲವನ್ನೂ ಮಾಡಿ ನೋಡಿದ್ದೇನೆ.

ಅಂತೂ ಮೂರು ವರ್ಷಕ್ಕೆ ನಾವು ಗೆದ್ದೆವು. ಕಕ್ಷಿದಾರಳಿಗೆ ಸುಳ್ಳು ಹೇಳಿ ಕರ್ತವ್ಯಲೋಪ ಮಾಡಿದ್ದು ರುಜುವಾತಾಗಿದೆ, ಆರು ತಿಂಗಳು ಇವರು ಯಾವ ಕೋರ್ಟಿನಲ್ಲೂ ವಕಾಲತ್ತು ಮಾಡುವಂತಿಲ್ಲ ಎಂದು ಆಯಿತು. ಮೆಜೆಸ್ಟಿಕ್ಕಿನಲ್ಲಿ ಬಸ್ಸು ಹತ್ತಿದ ಮೇಲೆ ಅಕ್ಕನಿಗೆ ಬಿಡಿಸಿ ಹೇಳಿದೆ. ಅವಳು ಅರ್ಥ ಮಾಡಿಕೊಳ್ಳಲು ಬಹಳ ಪ್ರಯತ್ನಪಟ್ಟಳು.

“ಆರ್ ತಿಂಗ್ಳು ಕೋರ್ಟ್‌ಗೆ ಓಗ್‌ಬ್ಯಾಡ ಅಂದ್ರಾ?”

“ಹೂಂ ಅಕ್ಕ. ಅದೇ ಶಿಕ್ಷೆ.”

“ಓಗ್ನಿಲ್ಲ ಅಂತ ತಾನೆ ಕಣಪ್ಪ ನಾವು ದೂರು ಕೊಟ್ಟಿದ್ದು?”

ನಾನು ಕಡಲೆಕಾಯಿ ಕೊಂಡೆ. ರಾಮನಗರದವರೆಗೂ ಇಬ್ಬರೂ ಸುಲಿದು ತಿಂದೆವು. ಮದ್ದೂರು ದಾಟಿದ ಮೇಲೆ ಅವಳು, “ಅಂಗಾರೆ ಮಲ್ಲೇಸ ದಾರಿ ಯಾವತ್ತು ಬುಡ್ತಾನೆ?” ಎಂದು ಕೇಳಿದಳು.

ಆ ಪ್ರಶ್ನೆಯನ್ನು ಹೊತ್ತುಕೊಂಡು ಮುಂದಿನ ವಾರ ನರಸೀಪುರದ ಹೊಸ ವಕೀಲೆಯೊಬ್ಬರ ಆಫೀಸಿಗೆ ಹೋದೆವು. ವಯಸ್ಸು ಚಿಕ್ಕದು, ಮಾತು ನೇರ. ಎಲ್ಲ ಕೇಳಿಸಿಕೊಂಡು ಹೇಳಿದರು: “ವಜಾ ಆದ ದಾವೇನ ಮತ್ತೆ ಎಬ್ಬಿಸಬಹುದು ಸರ್. ತಡ ಆಗಿದ್ದಕ್ಕೆ ಕಾರಣ ತೋರಿಸಬೇಕು. ವಕೀಲರು ಸುಳ್ಳು ಹೇಳಿದ್ರು ಅನ್ನೋದು ಒಳ್ಳೇ ಕಾರಣಾನೇ. ಆದ್ರೆ ಅದು ನಿಮಗೆ ಗೊತ್ತಾದ ದಿನದವರೆಗೆ ಮಾತ್ರ ನಿಲ್ಲುತ್ತೆ. ಗೊತ್ತಾದ ಮೇಲೆ ಮೂರು ವರ್ಷ ಏನು ಮಾಡ್ತಿದ್ರಿ ಅಂತ ಜಡ್ಜ್ ಕೇಳ್ತಾರೆ. ಏನಂತ ಹೇಳಲಿ? ಅರ್ಜಿ ಹಾಕ್ತೀನಿ, ಆದ್ರೆ ಆಸೆ ಇಟ್ಕೋಬೇಡಿ.”

ಮೂರು ವರ್ಷವೂ ನಾನು ಶಿಷ್ಯನನ್ನು ದಂಡಿಸುವುದರಲ್ಲಿ ಮುಳುಗಿದ್ದೆ. ಓಣಿ ನನ್ನ ತಲೆಯಲ್ಲಿ ಎಲ್ಲಿಯೂ ಇರಲಿಲ್ಲ. ಅಕ್ಕ ಅಲ್ಲಿಯೇ ಸಂದಿನಲ್ಲಿ ಅಡ್ಡಡ್ಡ ತಿರುಗಿ ನೀರು ಹೊರುತ್ತಿದ್ದಳು. ನನ್ನ ಬದಲಿಗೆ ಅವಳೇ ಉತ್ತರ ಕೊಟ್ಟಳು.

“ನನ್ ತಮ್ಮ ತಪ್ಪು ಮಾಡ್ದೋರ್ಗೆ ಸಿಕ್ಸೆ ಕೊಡ್ಸಕ್ಕೆ ಅಲೀತಿದ್ದ ಕಣವ್ವ, ಅವ್ನ ಕೈಲಾದ್ದ ಅವ್ನು ಮಾಡವ್ನೆ. ದಾರಿ ಇಸ್ಯ ನಾನೇ ಗ್ಯಾಪಕ ಮಾಡ್‌ಬೇಕಾಗಿತ್ತು. ನಂದೇ ತಪ್ಪು ಅಂತ ಬರ್ಕಳಿ.”

ವಕೀಲೆ ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. ಕೆಲಸ ಕೆಡಿಸಿದ ತಮ್ಮಂದಿರನ್ನು ವಿಚಾರಿಸಲು ಯಾವ ಊರಿನಲ್ಲೂ ಸಮಿತಿ ಇಲ್ಲ. ಇದ್ದಿದ್ದರೂ ದೂರಿಗೆ ಅಕ್ಕ ಸಹಿ ಹಾಕುತ್ತಿರಲಿಲ್ಲ.